ಕಾಯಿ ಕಟ್ಟದ ಹೂವು

ಹಿಂದೊಮ್ಮೆ ಒಂದೇ ಒಂದು ಜೇನು ಕಚ್ಚಿ ಅವಳು ಸಾವಿನ ಬಾಯಿಂದ ತಿರುಗಿ ಬಂದಿದ್ದಳು. ಮತ್ತೊಮ್ಮೆ ಕಚ್ಚಿದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಅಂದಿನಿಂದ ಮನೆಯ ಕಿಟಕಿಗಳಿಗೆಲ್ಲ ಬಲೆ. ಹೀಗಿರುವಾಗ ಗಂಡ ದೂರದ ದ್ವೀಪವೊಂದರಿಂದ ಟೊಳ್ಳು ಕೊಂಬೆಗೆ ಬೇರೂರಿದ್ದ ಆರ್ಕಿಡ್ ಗಿಡವನ್ನು ಕೊಂಬೆ ಸಮೇತ ತಂದು ನಡುಮನೆಯಲ್ಲಿ ತೂಗುಹಾಕಿದ.

“ರೀ, ಹೂ ಬಿಟ್ರೆ ಜೇನು ಬರಲ್ವಾ?”

“ಹೆದರ್ಬೇಡ ಕಣೇ. ಇದಕ್ಕೆ ಬರೋದು ಒಂದೇ ಜಾತಿ ಜೇನು, ಅದಿರೋದು ಆ ದ್ವೀಪದಲ್ಲಿ ಮಾತ್ರ. ಇಲ್ಲಿ ಬರೀ ಹೂ ಬಿಡುತ್ತೆ, ಕಾಯಿ ಕಟ್ಟಲ್ಲ. ನಾವೇ ಕಡ್ಡೀಲಿ ಪರಾಗ ಮುಟ್ಟಿಸಿದ್ರೆ ಉಂಟು.”

ಹೂ ಬಿಟ್ಟಿತು. ಘಮ ಮನೆಯೆಲ್ಲ ತುಂಬಿತು. ಗಂಡ ಊರಲ್ಲಿಲ್ಲದ ಒಂದು ಬೆಳಿಗ್ಗೆ ಅವಳು ಧೈರ್ಯ ಮಾಡಿ ಹತ್ತಿರ ಹೋದಳು. ಬಾಡಿದ ಹೂವೊಂದರ ಹಿಂದೆ ಹಸಿರು ಕಾಯಿ ಉಬ್ಬಿತ್ತು. ಕಾಯಿ ಹಿಡಿದ ಕೈ ಬಿಡದೆ ಫೋನ್ ಮಾಡಿದಳು.

“ರೀ, ಕಡ್ಡಿ ಮುಟ್ಟಿಸಿದ್ದು ನೀವೇ ತಾನೆ? ಹೌದು ಅನ್ನಿ.”

“ಇಲ್ವಲ್ಲೇ, ನಾನು ಮುಟ್ಟೇ ಇಲ್ಲ. ಯಾಕೆ, ಏನಾಯ್ತು?”

ಗಾಳಿಯೇ ಆಡದ ಆ ನಡುಮನೆಯಲ್ಲಿ, ಅವಳ ಬೆರಳ ಪಕ್ಕದ ಹೂವು ಒಳಗಿನಿಂದ ಅಲುಗಿತು.