ಮುಡಿಯದ ಮಲ್ಲಿಗೆ

ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಅವಳ ಮಡಿಲಲ್ಲಿ ತಮ್ಮನ ಕುಲಾವಿ ಇತ್ತು. ತಮ್ಮ ಸ್ವಲ್ಪ ದಪ್ಪಗಾದ ಮೇಲೆ ಆಸ್ಪತ್ರೆಯವರು ಮನೆಗೆ ಕಳಿಸುತ್ತಾರೆ ಎಂದು ಅವಳಿಗೆ ಹೇಳಿದ್ದೆವು.

ಪಕ್ಕದ ಮನೆಯ ಕೂಸು ಅತ್ತಿತು. ನನ್ನ ರವಿಕೆ ತೊಯ್ದುಹೋಯಿತು. ಅರ್ಧ ಹೆಣೆದ ಜಡೆಯಲ್ಲೇ ಕೈ ನಿಂತಿತು.

ನನ್ನಮ್ಮ ಮಲ್ಲಿಗೆ ದಂಡೆ ತಂದಳು.

"ಅಜ್ಜೀ, ನಂಗೆ ಮುಡಿಸು!"

"ಇದು ಮುಡಿಯೋ ಹೂವಲ್ಲ ಕಣೇ."

"ಮತ್ತೆ, ದೇವರಿಗಾ?"

ಅಮ್ಮ ನನ್ನ ರವಿಕೆಯೊಳಗಿನ ಬಾಡಿದ ಹೂ ತೆಗೆದು, ಹೊಸ ದಂಡೆಯನ್ನು ಎದೆಗೆ ಒತ್ತಿ ಕಟ್ಟತೊಡಗಿದಳು.

"ಅಲ್ಯಾಕಜ್ಜಿ ಹೂವು?"

"ಹಾಲು ಬತ್ತಲಿ ಅಂತ," ಎಂದುಬಿಟ್ಟಳು ಅಮ್ಮ.

ಅಮ್ಮನ ಕೈ ಹಿಡಿದೆ. ಆಗಲೇ ತಡವಾಗಿತ್ತು.

ಮಗಳು ಕುಲಾವಿಯನ್ನು ಮಡಚಿ ನನ್ನ ತೊಡೆಯ ಮೇಲಿಟ್ಟಳು.

"ತಮ್ಮ ಬರೋದೇ ಇಲ್ವಾ, ಅಮ್ಮಾ?"