ಗಂಜಿ ಹಾಕಿದ ದಾನಪತ್ರ

ಗಂಜಿ ಕಾಯುವ ವಾಸನೆ ಬಂದರೆ ಈಗಲೂ ನನಗೆ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ಮಧ್ಯಾಹ್ನ ಅಜ್ಜಿ ಬಿದಿರಿನ ಕೊಳವೆಯಿಂದ ನಮ್ಮ ನೇಕಾರ ಬೀದಿಯ ದಾನಪತ್ರವನ್ನು ಹೊರತೆಗೆದಳು. ನಮ್ಮವರು ಘಟ್ಟ ಇಳಿದು ತಮಿಳು ಸೀಮೆಗೆ ಬಂದಾಗ ಗಡಿಯ ಪಾಳೆಯಗಾರ ಕನ್ನಡದಲ್ಲಿ ಬರೆದುಕೊಟ್ಟದ್ದು. ಬೀದಿಯ ಜಾಗ ತನ್ನದೆಂದು ಯಾರೋ ದಾವೆ ಹೂಡಿದ್ದರು. ಮರುದಿನ ಪತ್ರವನ್ನು ಕೊಯಮತ್ತೂರಿನ ವಕೀಲರಿಗೆ ತೋರಿಸಬೇಕಿತ್ತು. ಕಾಗದ ಮುಟ್ಟಿದರೆ ಪುಡಿಯಾಗುತ್ತಿತ್ತು. ಅಜ್ಜಿ ಮಗ್ಗದ ಪಾವಿಗೆ, ಅಂದರೆ ಹಾಸುನೂಲಿಗೆ, ಹಚ್ಚುವಂತೆ ಅದಕ್ಕೂ ತೆಳ್ಳಗೆ ಗಂಜಿ ಸವರಿದಳು.

“ಪಾವಿಗೆ ಹಾಕೋ ಗಂಜೀನ ಪತ್ರಕ್ಕೆ ಹಾಕ್ತೀಯಲ್ಲೇ, ಕೆಟ್ಟೋದ್ರೆ ಬೀದೀನೇ ಹೋಯ್ತದೆ!” ಎಂದರು ತಾತ.

“ನೂಲು ನಿಲ್ತದೆ, ಕಾಗ್ದ ನಿಲ್ಲಾದಿಲ್ವಾ? ಸುಮ್ಕೆ ಆ ಕಡೆ ಹಿಡೀರಿ.”

ಮೋಡ ಕವಿದಿತ್ತು. ಬೇಗ ಒಣಗಲೆಂದು ಇಬ್ಬರೂ ಪತ್ರವನ್ನು ಹಾಸುನೂಲಿನಂತೆ ಎಳೆದು ಕೆಂಡದ ಬಾಣಲೆಯ ಮೇಲೆ ಹಿಡಿದರು. ಗಾಳಿ ಬೀಸಿ ಕೆಂಡ ಕೆರಳಿತು. ಆಗಲೇ ಒಣಗಿದ್ದ ಕೆಳಗಿನ ಮೂಲೆ ಹೊತ್ತಿಕೊಂಡಿತು.

“ಬುಡ್ಬ್ಯಾಡಿ! ಬುಟ್ರೆ ಕೆಂಡಕ್ಕೆ ಬೀಳ್ತದೆ!” ಎಂದು ಕೂಗಿದ ಅಜ್ಜಿ ಉರಿಯನ್ನು ಬರಿಗೈಯಲ್ಲೇ ಹಿಸುಕಿದಳು.

ಮುದ್ರೆ ಉಳಿದಿತ್ತು. ಕೆಳಗಿನ ಸಾಲುಗಳು ಹೋಗಿದ್ದವು.

“ಅಲ್ಲೇನು ಬರ್ದಿತ್ತು ತಾತ?” ಎಂದು ಕೇಳಿದೆ.

ತಾತ ಅಜ್ಜಿಯ ಮುಖ ನೋಡಿದರು. ಅಜ್ಜಿ ತನ್ನ ಬೊಬ್ಬೆ ಎದ್ದ ಅಂಗೈ ನೋಡಿಕೊಂಡಳು. ಮನೆಯಲ್ಲಿ ಕನ್ನಡ ಆಡಿದರೂ ತಮಿಳಷ್ಟೇ ಓದಲು ಕಲಿತ ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ಯಾರೂ ಇರಲಿಲ್ಲ.