ತೊಟ್ಟಿಯ ಮುಳ್ಳು

ಐದನೆಯ ಲೋಟ ನೀರು ಹುಯ್ದ ಮೇಲೂ ಶಾಂತಾದೇವಿಯ ಕೈ ನಿಲ್ಲಲಿಲ್ಲ. ಮೈಸೂರಿನ ಹೊರಗಿನ ಆ ಹವಾಮಾನ ಕೇಂದ್ರದಲ್ಲಿ ಬೆಳಗಿನ ಮೊದಲ ಕೆಲಸವೇ ಅದು. ಅಂಗಳದ ತಗಡಿನ ತೊಟ್ಟಿಯಿಂದ ನಿನ್ನೆಯಿಂದೀಚೆಗೆ ಎಷ್ಟು ನೀರು ಆರಿಹೋಗಿದೆಯೋ ಅಷ್ಟನ್ನೇ ಅಳತೆಲೋಟದಲ್ಲಿ ತುಂಬಿ, ಒಳಗೆ ಮಟ್ಟ ತೋರಿಸಲು ನಿಲ್ಲಿಸಿದ ಮುಳ್ಳಿನ ತುದಿಗೆ ನೀರು ಮುಟ್ಟಿದೊಡನೆ ನಿಲ್ಲಿಸಬೇಕು. ಎಷ್ಟು ಲೋಟ ಹಿಡಿಯಿತೆಂಬ ಆ ಲೆಕ್ಕ ಕೇಳಿಕೊಂಡೇ ಸುತ್ತಲಿನವರು ಕಬ್ಬಿಗೆ ನೀರು ಕಟ್ಟುವುದು. ಹದಿನೆಂಟು ವರ್ಷದಲ್ಲಿ ಆಕೆ ಒಂದು ದಿನವೂ ಅಳತೆ ತಪ್ಪಿದವಳಲ್ಲ.

“ಮೊನ್ನೆ ತಾನೆ ಯಜಮಾನ್ರನ್ನ ಮಣ್ಣು ಮಾಡಿ, ಇವತ್ತೇ ಬಂದ್ಬುಟ್ರಲ್ಲ ಶಾಂತಕ್ಕಾ,” ಎಂದರು ಪುಸ್ತಕ ಹಿಡಿದು ನಿಂತಿದ್ದ ಜೊತೆ ನೌಕರ ನಂಜಯ್ಯ.

“ನಮ್ಮಲ್ಲಿ ಸೂತಕ ಇಲ್ಲ ಕಣ್ರೀ. ಮನೇಲಿ ಕೂತು ಏನ್ ಮಾಡ್ಲಿ? ಇಲ್ಲಾದ್ರೆ ಕೈಗೆ ಕೆಲಸ ಗೊತ್ತು.”

ಲೋಟ ತುಂಬುತ್ತಿತ್ತು, ಬಾಗುತ್ತಿತ್ತು, ಮತ್ತೆ ತುಂಬುತ್ತಿತ್ತು.

“ಸಾಕು ಸಾಕು! ಮುಳ್ಳು ಮುಳುಗೋಯ್ತು. ತೊಟ್ಟೀಲಿ ಎಮ್ಮೆ ಮೈ ತೊಳೀಬೇಕಾ?” ನಂಜಯ್ಯ ನಗಿಸಲು ನೋಡಿದರು. ಆಕೆ ನಗದಿದ್ದಾಗ ಪೆನ್ನು ತೆರೆದರು. “ಹೇಳಿ, ಎಷ್ಟು ಬರ್ಕೊಳ್ಳಲಿ?”

ಶಾಂತಾದೇವಿ ಲೋಟ ಕೆಳಗಿಟ್ಟಳು. ಅಂದಾಜಿಗೆ ಒಂದು ಅಂಕಿ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಎಷ್ಟು ಹೋಗಿತ್ತೋ ಗೊತ್ತಾಗ್ಲಿಲ್ಲ ನಂಜಯ್ಯನೋರೆ,” ಎಂದಳು. “ಇವತ್ತಿಂದು ಖಾಲಿ ಬಿಡಿ.”